ಗಾಯಗೊಂಡ ಬೆಕ್ಕೂ ಶ್ರಾವಕನ ಅಣುವ್ರತವೂ



ಸ್ವಾಧ್ಯಾಯದ ವೇಳೆಯಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆಯೊಂದನ್ನು ಈ ಸಂಚಿಕೆಯ ಪಾಠಕ್ಕೆ ಎತ್ತಿಕೊಂಡಿದ್ದೇನೆ. ವಾಹನ ತಗುಲಿಯೋ ನಾಯಿ ಕಚ್ಚಿಯೋ ಗಾಯಗೊಂಡ ಬೆಕ್ಕೊಂದು ಬಾಗಿಲ ಮುಂದೆ ಬಂದು ಬಿದ್ದಿದೆ. ಖಾಸಗಿ ಪಶುವೈದ್ಯರು ಹೇಳುವ ವೆಚ್ಚ ಮನೆಯ ಶಕ್ತಿಗೆ ಮೀರಿದ್ದು. ಆಗ ವ್ರತಿಯಾದ ಗೃಹಸ್ಥನು ಮಾಡತಕ್ಕದ್ದೇನು? ಈ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಬೆಕ್ಕು ಹಿಂಸ್ರ ಜೀವಿ. ಅದನ್ನು ಬದುಕಿಸಿದರೆ ಮುಂದೆ ಅದು ಕೊಲ್ಲುವ ಇಲಿಗಳ ಪಾಪದಲ್ಲಿ ನಮಗೂ ಪಾಲು ಬಾರದೆ? ಹಣದ ಮಾತಿಗಿಂತ ಮೊದಲು ಇದನ್ನು ಬಗೆಹರಿಸಿಕೊಳ್ಳುವುದು ಲೇಸು. ಕೊಡಲು ಮನಸ್ಸಿಲ್ಲದವರು ಶಾಸ್ತ್ರವನ್ನು ಮುಂದೊಡ್ಡುವುದೂ ಉಂಟಷ್ಟೆ.

ಬೆಕ್ಕು ಮುಂತಾದ ಹಿಂಸ್ರ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಸೇರಿಸಿದೆ. ಆಯುಧಗಳ ಮಾರಾಟವನ್ನೂ ಅದರ ಪಕ್ಕದಲ್ಲೇ ಹೇಳಿದೆ. ಈ ಜೋಡಣೆಯಿಂದಲೇ ಗ್ರಂಥಕಾರರ ಆಶಯ ತಿಳಿಯುತ್ತದೆ: ಕೊಲ್ಲುವ ಸಾಧನವಾಗಿ ಬೆಕ್ಕನ್ನು ಸಾಕುವುದು ದೋಷ. ನಮ್ಮ ಹೋಳೂರಿನಂಥ ಊರುಗಳಲ್ಲಿ ಇದು ಸುಲಭವಾಗಿ ಅರ್ಥವಾಗುವ ಮಾತು. ರೇಷ್ಮೆ ಹುಳು ಮೇಯಿಸುವ ಮನೆಗೆ ಇಲಿಗಳ ಕಾಟ; ಆದುದರಿಂದ ಹುಳು ಮನೆಗೊಂದು ಬೆಕ್ಕು. (ರೇಷ್ಮೆಯೇ ನಮಗೆ ಒಪ್ಪತಕ್ಕ ಉದ್ಯೋಗವಲ್ಲವೆಂಬುದು ಬೇರೆಯ ಮಾತು.) ಅಲ್ಲಿ ಬೆಕ್ಕು ಬಲೆ ಬೋನುಗಳ ಸಾಲಿಗೆ ಸೇರಿತು. ಆದರೆ ಕಾಲು ಮುರಿದು ಬಿದ್ದಿರುವ ಬೆಕ್ಕು ಯಾರ ಆಯುಧವೂ ಅಲ್ಲ. ಅದು ನೋವುಣ್ಣುತ್ತಿರುವ ಪಂಚೇಂದ್ರಿಯ ಜೀವಿ. ಒಂದೇ ಪ್ರಾಣಿಯಾದರೂ ಸಾಕುವುದು ಬೇರೆ, ಸಲಹುವುದು ಬೇರೆ.

ಇನ್ನು ಮುಂದಿನ ಇಲಿಗಳ ಮಾತು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ಒಂದು ಕ್ರೂರ ಪ್ರಾಣಿಯನ್ನು ಕೊಂದರೆ ಹಲವು ಪ್ರಾಣಿಗಳು ಉಳಿಯುತ್ತವೆಂಬ ತರ್ಕವನ್ನು ಅವರು ಒಪ್ಪುವುದಿಲ್ಲ. ಕೊಲ್ಲಲು ಸಲ್ಲದ ಈ ತರ್ಕ, ಸಾಯಲು ಬಿಟ್ಟುಬಿಡುವುದಕ್ಕೂ ಸಲ್ಲದೆಂದು ನನ್ನ ತಿಳಿವಳಿಕೆ. ತತ್ತ್ವಾರ್ಥಸೂತ್ರವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳುವಾಗ ಕಾರುಣ್ಯವನ್ನು ಕ್ಲೇಶಪಡುವ ಜೀವಗಳ ವಿಷಯದಲ್ಲಿ ವಿಧಿಸಿದೆ. ಆ ಜೀವ ಏನು ತಿನ್ನುತ್ತದೆಂದು ವಿಚಾರಿಸಿಲ್ಲ.

ದಿಲ್ಲಿಯ ಚಾಂದನೀ ಚೌಕದಲ್ಲಿ ಕೆಂಪುಕೋಟೆಗೆ ಎದುರಾಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳ ಧರ್ಮಾಸ್ಪತ್ರೆಯೊಂದಿದೆ. 1929ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಪಾರಿವಾಳ, ಗಿಳಿ ಮುಂತಾದ ಸಸ್ಯಾಹಾರಿ ಹಕ್ಕಿಗಳನ್ನು ಒಳರೋಗಿಗಳಾಗಿ ಇಟ್ಟುಕೊಳ್ಳುತ್ತಾರೆ. ಹದ್ದು ಗಿಡುಗಗಳು ಬಂದರೆ ಚಿಕಿತ್ಸೆ ಮಾಡಿ ಕಳುಹಿಸುತ್ತಾರೆಯೇ ಹೊರತು ಒಳಗೆ ಸೇರಿಸಿಕೊಳ್ಳುವುದಿಲ್ಲ. ಇದನ್ನು ಕೇಳಿ ನಗುವವರುಂಟು. ನನಗೆ ಇದರಲ್ಲಿ ವಿವೇಕವೇ ಕಾಣುತ್ತದೆ. ಹದ್ದಿಗೆ ಔಷಧವನ್ನು ನಿರಾಕರಿಸಲಿಲ್ಲ. ವ್ರತಿಗಳ ಮನೆಯೊಳಗೆ ಮಾಂಸವನ್ನೂ ತರಲಿಲ್ಲ. ಬೆಕ್ಕಿನ ವಿಷಯದಲ್ಲಿ ನಮ್ಮ ನಡೆಯೂ ಬಹುಮಟ್ಟಿಗೆ ಹೀಗೆಯೇ ಇರಬಹುದು.

ಈಗ ಹಣದ ವಿಚಾರ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಇಲ್ಲಿ ಕೊನೆಯ ಪಕ್ಷ ಎರಡು ಒಂದೇ ಕಡೆ ಕೂಡಿಬರುತ್ತವೆ. ಆದರೆ ಎಷ್ಟು ಕೊಡಬೇಕು? ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸು ಎರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಮುಚ್ಚಿಡಬಾರದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎಚ್ಚರಿಸಿದ್ದಾರೆ. ಅಂದರೆ ಇದಕ್ಕೆ ಎರಡು ಮುಖ. ಪೆಟ್ಟಿಗೆಯಲ್ಲಿ ಹಣವಿಟ್ಟುಕೊಂಡು ‘ನಮ್ಮ ಕೈಲಿ ಆಗದು’ ಎನ್ನುವುದು ದೋಷ. ಬಡ್ಡಿಗೆ ಸಾಲ ತಂದು, ಮಕ್ಕಳ ಶಾಲೆಯ ಹಣ ಸುರಿದು, ಬಳಿಕ ತಿಂಗಳುಗಟ್ಟಲೆ ಆರ್ತಧ್ಯಾನದಲ್ಲಿ ಬೇಯುವುದು ಕೂಡ ಹೇಳಿದ ಮಾರ್ಗವಲ್ಲ. ಮೂಳೆಗೆ ಲೋಹದ ಪಟ್ಟಿ ಹಾಕಿಸಲು ಹತ್ತಾರು ಸಾವಿರ ರೂಪಾಯಿ ಇಲ್ಲದವನು ಅಹಿಂಸಾವ್ರತಕ್ಕೆ ತಪ್ಪಿದವನಲ್ಲ. ಹಣವಿಲ್ಲವೆಂದು ಬೆಕ್ಕಿನತ್ತ ನೋಡುವುದನ್ನೇ ಬಿಟ್ಟವನು ಮಾತ್ರ ಯೋಚಿಸಬೇಕು.

ಮೊದಲು ಹೋಗಬೇಕಾದದ್ದು ಸರ್ಕಾರದ ಪಶು ಆಸ್ಪತ್ರೆಗೆ. ಕೋಲಾರ ಸೀಮೆ ಹೈನುಗಾರಿಕೆಯದು. ಜನ ಅದನ್ನು ‘ದನದ ಆಸ್ಪತ್ರೆ’ ಎಂದೇ ಕರೆಯುವುದರಿಂದ ಬೆಕ್ಕನ್ನು ಕೊಂಡೊಯ್ಯಲು ನಾಚುತ್ತಾರೆ. ನಾಚಬೇಕಾಗಿಲ್ಲ. ಗಾಯ ತೊಳೆದು ಹೊಲಿಯುವುದು, ನೋವಿಗೂ ನಂಜಿಗೂ ಚುಚ್ಚುಮದ್ದು ಕೊಡುವುದು ಅಲ್ಲಿ ಖಾಸಗಿಗಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶುವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಯುಂಟು. ಯಾವ ವೈದ್ಯರ ಬಳಿಗೆ ಹೋದರೂ ನಮ್ಮಲ್ಲಿರುವ ಹಣವಿಷ್ಟು, ಇದರೊಳಗೆ ಮೊದಲು ಆಗಬೇಕಾದದ್ದು ಯಾವುದು ಎಂದು ಆರಂಭದಲ್ಲಿಯೇ ಕೇಳಿಬಿಡಬೇಕು. ಸೊಂಟದ ಮೂಳೆಯ ಎಷ್ಟೋ ಮುರಿತಗಳು ಶಸ್ತ್ರಚಿಕಿತ್ಸೆಯಿಲ್ಲದೆ, ನಾಲ್ಕರಿಂದ ಆರು ವಾರ ಇಕ್ಕಟ್ಟಾದ ಗೂಡಿನಲ್ಲಿ ಇಟ್ಟರೆ ಕೂಡಿಕೊಳ್ಳುತ್ತವೆ. ಜಜ್ಜಿಹೋದ ಕಾಲನ್ನು ಜೋಡಿಸುವುದಕ್ಕಿಂತ ತೆಗೆಸುವ ಖರ್ಚು ಸಾಮಾನ್ಯವಾಗಿ ಕಡಿಮೆ. ಮೂರು ಕಾಲಿನ ಬೆಕ್ಕು ಚೆನ್ನಾಗಿಯೇ ಓಡಾಡುತ್ತದೆ.

ನೋಂಪಿಯ ಉದ್ಯಾಪನೆಯಲ್ಲಿ ಪಾತ್ರೆ ಹಂಚುವ ವಾಡಿಕೆ ನಮ್ಮಲ್ಲಿದೆ. ಮನೆಮನೆಯಲ್ಲೂ ಅಟ್ಟದ ಮೇಲೆ ಅಂಥ ಪಾತ್ರೆಗಳು ಸಾಲಾಗಿ ಕುಳಿತಿವೆ. ಅದರ ಒಂದು ಪಾಲನ್ನು ಬಸದಿಯ ಔಷಧದಾನದ ಗಂಟಿಗೆ ಹಾಕಿದರೆ ಯಾವ ವಿಧಿಯೂ ಕೆಡುವುದಿಲ್ಲ. ಒಬ್ಬನಿಗೆ ಭಾರವಾದದ್ದನ್ನು ಇಪ್ಪತ್ತು ಮನೆಗಳು ಹೊರಬಲ್ಲವು.

ಮನೆಯಲ್ಲಿ ಮಾಡುವ ಉಪಚಾರದಲ್ಲಿ ಎಚ್ಚರ ಬೇಕು. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ. ದಪ್ಪ ಬಟ್ಟೆ ಹೊದಿಸಿ, ಬೆನ್ನು ಬಾಗದಂತೆ ಹಲಗೆಯ ಮೇಲೆ ಜಾರಿಸಿಕೊಂಡು, ಗಾಳಿ ಆಡುವ ಪೆಟ್ಟಿಗೆಯಲ್ಲಿ ಇಡಬೇಕು. ಕಚ್ಚಿದರೆ ಅಥವಾ ಪರಚಿದರೆ ಆ ಜಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ವಿಚಾರ ಕೇಳಬೇಕು. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಕಾಫಿಪುಡಿ, ಅರಿಸಿನ ತುಂಬಬಾರದು. ಕಾಯಿಸಿ ಸೋಸಿದ ನೀರು ನಮ್ಮ ಮನೆಗಳಲ್ಲಿ ಹೇಗೂ ಇರುತ್ತದೆ. ಆರಿದ ಒಂದು ಲೀಟರಿಗೆ ಎರಡು ಸಣ್ಣ ಚಮಚ ಉಪ್ಪು ಬೆರೆಸಿದರೆ ಗಾಯ ತೊಳೆಯಲು ಸಾಕು. ಡೆಟಾಲ್, ಫಿನೈಲ್ ಬೆಕ್ಕಿಗೆ ವಿಷ. ಎಲ್ಲಕ್ಕಿಂತ ಮುಖ್ಯವಾದದ್ದು: ಜ್ವರಕ್ಕೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಎಂದಿಗೂ ಕೊಡಕೂಡದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ರಕ್ತ ಆಮ್ಲಜನಕವನ್ನು ಒಯ್ಯಲಾರದೆ ಕಂದುಬಣ್ಣಕ್ಕೆ ತಿರುಗುತ್ತದೆ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಕರುಣೆಯಿಂದ ಕೊಟ್ಟರೂ ವಿಷ ವಿಷವೇ.

ಬಾಯಿ ತೆರೆದು ಉಸಿರಾಡುವುದು, ಒಸಡು ಬಿಳುಪೇರುವುದು, ಒಂದು ದಿನ ಮೂತ್ರ ಹೋಗದಿರುವುದು ಕಂಡರೆ ಮನೆಯ ಉಪಚಾರ ನಿಲ್ಲಿಸಿ ಕೂಡಲೆ ವೈದ್ಯರಲ್ಲಿಗೆ ಒಯ್ಯಬೇಕು.

ತೆರೆದ ಗಾಯದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಬೀಳುತ್ತದೆ. ಹುಳುವನ್ನು ತೆಗೆದರೆ ಅದಕ್ಕೆ ಹಿಂಸೆ, ಬಿಟ್ಟರೆ ಬೆಕ್ಕಿಗೆ ಹಿಂಸೆ. ಈ ಇಕ್ಕಟ್ಟಿನಲ್ಲಿ ತೆಗೆಯುವುದೇ ಸರಿ. ಅದು ಸಂಕಲ್ಪೀ ಹಿಂಸೆಯಲ್ಲ, ಗೃಹಸ್ಥನಿಗೆ ತಪ್ಪದ ಆರಂಭೀ ಹಿಂಸೆ. ಚಿಮಟದಿಂದ ಮೆಲ್ಲನೆ ತೆಗೆದು ಒಂದು ಕಡೆ ಬಿಡಬಹುದು. ಆದರೆ ಇಕ್ಕಟ್ಟಿಗೆ ಸಿಲುಕದಿರುವುದೇ ಯತ್ನಾಚಾರ. ಮೊದಲ ದಿನವೇ ಗಾಯ ತೊಳೆದು ತೆಳುಬಟ್ಟೆ ಮುಚ್ಚಿದರೆ ಎರಡು ಕಡೆಯ ಜೀವವೂ ಉಳಿಯುತ್ತದೆ.

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಆರು ವಾರ ಗೂಡಿನಲ್ಲಿಡುವುದು ಬಂಧವಲ್ಲವೆ, ಕಾಲು ತೆಗೆಸುವುದು ಛೇದವಲ್ಲವೆ ಎಂದು ಕೇಳುವವರಿದ್ದಾರೆ. 13ನೆಯ ಶತಮಾನದ ಆಶಾಧರ ಪಂಡಿತರು ಸಾಗಾರಧರ್ಮಾಮೃತದಲ್ಲಿ ಇವುಗಳಿಗೆ ದುರ್ಭಾವವೆಂಬ ಕಾರಣವನ್ನು ಸೇರಿಸಿಯೇ ಹೇಳಿದ್ದಾರೆ. ಕೋಪದಿಂದ ಕಟ್ಟುವುದು ಅತಿಚಾರ. ಮೂಳೆ ಕೂಡಲೆಂದು ಕಟ್ಟುವುದು ಚಿಕಿತ್ಸೆ. ಗೂಡನ್ನು ದಿನವೂ ಶುಚಿ ಮಾಡದೆ, ನೀರಿಡಲು ಮರೆತರೆ ಮಾತ್ರ ಅದೇ ಗೂಡು ಬಂಧವಾಗುತ್ತದೆ.

ಐದನೆಯ ಅತಿಚಾರವೇ ಈ ಪತ್ರಿಕೆಯ ವಾಚಕರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಅಷ್ಟಮಿ ಚತುರ್ದಶಿಗಳಂದು ಮನೆಯಲ್ಲಿ ಒಲೆ ಹಚ್ಚದಿದ್ದರೆ, ದಶಲಕ್ಷಣ ಪರ್ವದಲ್ಲಿ ಎಲ್ಲರೂ ಉಪವಾಸವಿದ್ದರೆ, ಗೂಡಿನಲ್ಲಿರುವ ಬೆಕ್ಕಿನ ಗತಿಯೇನು? ಉಪವಾಸವು ಸಂಕಲ್ಪದಿಂದ ಆಗುವಂಥದು. ತಾನೇ ಕೈಗೊಳ್ಳದವನ ಹಸಿವು ಬರಿಯ ಹಸಿವು. ದೇಹದ ರೀತಿಯಲ್ಲಿಯೂ ಬೆಕ್ಕು ಉಪವಾಸಕ್ಕೆ ಅರ್ಹವಲ್ಲ. ಎರಡು ಮೂರು ದಿನ ತಿನ್ನದಿದ್ದರೆ, ಅದರಲ್ಲಿಯೂ ಮೈತುಂಬಿದ ಬೆಕ್ಕಾದರೆ, ಕೊಬ್ಬು ಯಕೃತ್ತಿಗೆ ತುಂಬಿ ಪ್ರಾಣಕ್ಕೇ ಅಪಾಯ. ಪ್ರೋಷಧೋಪವಾಸದ ದಿನ ರೋಗಿಗೆ ಅನ್ನ ನೀರು ಇಟ್ಟರೆ ಪ್ರೋಷಧ ಭಂಗವಾಗದೆಂದು ನನ್ನ ಅಭಿಪ್ರಾಯ. ಬೇಕಾದರೆ ಧಾರಣೆಯ ದಿನವೇ ಆ ಕೆಲಸವನ್ನು ವ್ರತದಲ್ಲಿಲ್ಲದ ಒಬ್ಬರಿಗೆ ವಹಿಸಬಹುದು.

ಯಾವ ಅನ್ನ ಎಂಬುದು ಕಷ್ಟದ ಪ್ರಶ್ನೆ. ಹಾಲನ್ನ ಸಾಕೆಂದು ನಾವು ನಂಬಿದ್ದೇವೆ. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ, ಮೊಸರು ವಾಸಿ. ಟಾರೀನ್ ಎಂಬ ಸತ್ತ್ವ ಮಾಂಸದಲ್ಲಿದೆ, ಧಾನ್ಯದಲ್ಲಿಲ್ಲ. ಬಹುಕಾಲ ಅದು ದೊರೆಯದ ಬೆಕ್ಕಿಗೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಈ ಕಾರಣ 1987ರಲ್ಲಿ ಅಮೆರಿಕದ ಸಂಶೋಧನೆಯಿಂದ ಸ್ಪಷ್ಟವಾಯಿತು. ಆದುದರಿಂದ ವ್ರತಿಯ ಮನೆಯಲ್ಲಿ ಕೆಲವು ದಿನ ಮೊಸರನ್ನದಿಂದ ಉಪಚರಿಸಬಹುದು. ಅಷ್ಟಕ್ಕೇ ಮುಗಿಯದ ಚಿಕಿತ್ಸೆಯಾದರೆ, ಅಥವಾ ಬೆಕ್ಕು ಅದನ್ನು ಮೂಸಿಯೂ ನೋಡದಿದ್ದರೆ, ಈಗಾಗಲೇ ಬೆಕ್ಕಿಗೆ ಅದರ ಆಹಾರ ಹಾಕುತ್ತಿರುವ ನೆರೆಯವರಿಗೆ ಒಪ್ಪಿಸುವುದು ಲೇಸು. ಔಷಧದ ಖರ್ಚು ನಮ್ಮದಾಗಿರಲಿ. ನಮ್ಮ ವ್ರತವನ್ನು ಬೆಕ್ಕಿನ ಹೊಟ್ಟೆಯ ಮೇಲೆ ಹೇರಕೂಡದು.

ಉಳಿಯುವಂತಿಲ್ಲವೆಂದು ವೈದ್ಯರು ಹೇಳಿದರೆ? ಹಣ ಮುಗಿದ ಕಡೆ ನೋವಿಲ್ಲದ ಸಾವಿನ ಚುಚ್ಚುಮದ್ದಿನ ಮಾತು ಬರುತ್ತದೆ. ಬಹಳ ದುಃಖದಲ್ಲಿರುವ ಜೀವಿಯನ್ನು ಬೇಗ ಬಿಡುಗಡೆ ಮಾಡುತ್ತೇವೆಂದು ಕೊಲ್ಲುವುದನ್ನೂ ಅಮೃತಚಂದ್ರರು ನಿಷೇಧಿಸಿದ್ದಾರೆ. ಅನ್ನ ನೀರು ನಿಲ್ಲಿಸಿ ಅದಕ್ಕೆ ಸಲ್ಲೇಖನವೆಂದು ಹೆಸರಿಡುವುದು ಇನ್ನೂ ದೊಡ್ಡ ತಪ್ಪು. ಅದು ಅನ್ನಪಾನನಿರೋಧವೇ ಸರಿ. ನೋವು ತಗ್ಗಿಸುವ ಔಷಧವನ್ನು ವೈದ್ಯರಿಂದ ಕೇಳಿ ಪಡೆಯಬೇಕು. ಅದಕ್ಕೆ ದೊಡ್ಡ ಖರ್ಚಿಲ್ಲ. ಕತ್ತಲೆಯ, ಬೆಚ್ಚಗಿನ ಜಾಗದಲ್ಲಿ ಮಲಗಿಸಿ ತುಟಿಗೆ ನೀರು ತಾಗಿಸುತ್ತಿರಬೇಕು. ಜೀವಂಧರ ಕುಮಾರನು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಭಾಸ್ಕರ ಕವಿಯ 1424ರ ಜೀವಂಧರ ಚರಿತೆಯಿಂದ ಈ ಕಥೆ ಕನ್ನಡಿಗರಿಗೆ ಪರಿಚಿತ. ಕುಮಾರನ ಬಳಿ ಆ ಹೊತ್ತಿಗೆ ಔಷಧವಿರಲಿಲ್ಲ. ಮಂಡಿಯೂರಿ ಕುಳಿತುಕೊಳ್ಳುವಷ್ಟು ಸಮಯವಿತ್ತು.

ವಾಸಿಯಾದ ಬೆಕ್ಕನ್ನು ಚೀಲದಲ್ಲಿ ತುಂಬಿ ದೂರದ ಊರಿಗೆ ಬಿಟ್ಟುಬರುವ ರೂಢಿ ಒಳ್ಳೆಯದಲ್ಲ. ತನ್ನ ಎಲ್ಲೆ ತಪ್ಪಿದ ಬೆಕ್ಕು ಬೇರೆ ಬೆಕ್ಕುಗಳ ಕಾದಾಟಕ್ಕೆ ಸಿಕ್ಕಿ ಮತ್ತೆ ಗಾಯಗೊಳ್ಳುತ್ತದೆ. ಸಾಕಿದವನೇ ಹಾಗೆ ತೊರೆದರೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅದು ಅಪರಾಧವೂ ಹೌದು. ಅದು ಬಂದ ಬೀದಿಯಲ್ಲಿಯೇ, ಹಗಲು ಹೊತ್ತಿನಲ್ಲಿ, ಹೊಟ್ಟೆ ತುಂಬಿದ ಮೇಲೆ ಗೂಡಿನ ಬಾಗಿಲು ತೆರೆದಿಡಬೇಕು. ಹೋಗುವುದನ್ನು ಅದಕ್ಕೇ ಬಿಡಬೇಕು.