ವೀಸಾದಲ್ಲಿ ಯಾವ ಕಂಪನಿಯ ಹೆಸರಿದೆ?



ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಮನೆಗಳಲ್ಲಿ ಮಗನನ್ನು ಗಲ್ಫಿಗೆ ಕಳುಹಿಸುವ ಮಾತು ಬಂದರೆ ಮೊದಲು ಕೇಳುವುದು ಸಂಬಳ ಎಷ್ಟೆಂದು. ಆಮೇಲೆ, ಏಜೆಂಟರಿಗೆ ಎಷ್ಟು ಕೊಡಬೇಕೆಂದು. ಕೆಲಸ ಕೊಡುವ ಕಂಪನಿ ಯಾವುದು, ವೀಸಾದಲ್ಲಿಯೂ ಅದೇ ಹೆಸರಿದೆಯೇ ಎಂದು ವಿಚಾರಿಸುವವರು ಕಡಿಮೆ.

ನಮ್ಮಲ್ಲಿ ಕಂಪನಿ ಬಾಗಿಲು ಹಾಕಿದರೆ ಕೆಲಸ ಹೋಗುತ್ತದೆ. ಹಾಸನದ ಬಸ್ಸು ಹತ್ತಿ ಮನೆಗಾದರೂ ಬರಬಹುದು. ಗಲ್ಫಿನಲ್ಲಿ ವಾಸದ ಪರವಾನಗಿ ಮಾಡಿಸಿ ನವೀಕರಿಸುವವನೂ ಕೆಲಸ ಕೊಟ್ಟ ಧಣಿಯೇ. ಇದಕ್ಕೆ ಕಫಾಲಾ ಪದ್ಧತಿ ಎಂದು ಹೆಸರು. ಕಂಪನಿ ಬಿದ್ದರೆ ಸಂಬಳದ ಜೊತೆಗೆ ಆ ದೇಶದಲ್ಲಿ ಇರುವ ಹಕ್ಕೂ ಬೀಳುತ್ತದೆ.

ಸೌದಿ ಓಜರ್ ಎಂಬ ದೊಡ್ಡ ಕಟ್ಟಡ ಕಂಪನಿಯ ಕಥೆ ನೋಡಿ. ತೈಲದ ಬೆಲೆ ಕುಸಿದ ಮೇಲೆ ಅದು ತಿಂಗಳುಗಟ್ಟಲೆ ಸಂಬಳ ನಿಲ್ಲಿಸಿತು. 2016ರಲ್ಲಿ ಜೆಡ್ಡಾದ ಶಿಬಿರಗಳಲ್ಲಿದ್ದ ಭಾರತೀಯ ಕಾರ್ಮಿಕರಿಗೆ ನಮ್ಮ ದೂತಾವಾಸವೇ ಆಹಾರ ಒದಗಿಸಬೇಕಾಯಿತು. ಊರಿಗೆ ಹೊರಡೋಣವೆಂದರೆ ಕಂಪನಿಯ ಒಪ್ಪಿಗೆಯಿಲ್ಲದೆ ನಿರ್ಗಮನ ಪರವಾನಗಿ ಇಲ್ಲ. ಅನೇಕರ ವಾಸಪತ್ರ, ಅಂದರೆ ಇಕಾಮಾ, ನವೀಕರಣವಾಗಿರಲಿಲ್ಲ. ಕೇಂದ್ರ ಸಚಿವ ವಿ. ಕೆ. ಸಿಂಗ್ ಅಲ್ಲಿಗೇ ಹೋಗಿ ಸೌದಿ ಸರ್ಕಾರದೊಡನೆ ಮಾತಾಡಿದ ಮೇಲೆ ದಾರಿ ತೆರೆಯಿತು. 2017ರ ಜುಲೈ ಕೊನೆಯಲ್ಲಿ ಕಂಪನಿ ಮುಚ್ಚಿಯೇ ಹೋಯಿತು.

2021ರ ಮಾರ್ಚಿನಲ್ಲಿ ಸೌದಿ ಅರೇಬಿಯಾ ನಿಯಮ ಸಡಿಲಿಸಿ, ಕಂಪನಿ ನೌಕರರು ಧಣಿಯ ಅನುಮತಿಯಿಲ್ಲದೆ ದೇಶ ಬಿಡಲು ಅವಕಾಶ ಕೊಟ್ಟಿತು. ಮನೆಗೆಲಸದವರು, ಮನೆಯ ಡ್ರೈವರುಗಳು ಆ ಸುಧಾರಣೆಯ ಹೊರಗೇ ಉಳಿದರು. ಬಡವರ ಮಕ್ಕಳು ಹೆಚ್ಚಾಗಿ ಹೋಗುವುದು ಇಂಥ ಕೆಲಸಗಳಿಗೇ ಅಲ್ಲವೇ?

ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆ ಇದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ 'ಇಸಿಆರ್' ಎಂದಿರುತ್ತದೆ. ಅವರು ಗಲ್ಫ್, ಮಲೇಷ್ಯಾ ಮೊದಲಾದ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ಜನ ಇದನ್ನು ಕಿರಿಕಿರಿ ಎಂದುಕೊಳ್ಳುತ್ತಾರೆ. ನನಗಂತೂ ಇದು ಬಡವನ ಕೈಗೆ ಕೊಟ್ಟ ಊರುಗೋಲೆಂದೇ ತೋರುತ್ತದೆ. ಅಲ್ಲಿ ಕರಾರುಪತ್ರ ದಾಖಲಾಗುತ್ತದೆ. ಕೆಲವೇ ನೂರು ರೂಪಾಯಿಗೆ 10 ಲಕ್ಷದ ವಿಮೆಯೂ ಆಗುತ್ತದೆ. ಏಜೆಂಟರು "ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಬದಲಿಸೋಣ" ಎಂದರೆ ಈ ಊರುಗೋಲನ್ನು ಕಿತ್ತುಕೊಂಡಂತೆಯೇ. ವಿಸಿಟ್ ವೀಸಾದಲ್ಲಿ ದುಡಿದವನು ಸಂಬಳ ಕೇಳಲು ಹೋದರೆ ತಾನೇ ತಪ್ಪಿತಸ್ಥನಾಗಿ ನಿಲ್ಲಬೇಕಾದೀತು.

ಆದ್ದರಿಂದ ಹಣ ಕೊಡುವ ಮೊದಲು ಏಜೆಂಟರ ನೋಂದಣಿ ಸಂಖ್ಯೆಯನ್ನು ಸರ್ಕಾರದ 'ಇ-ಮೈಗ್ರೇಟ್' ಜಾಲತಾಣದಲ್ಲಿ ಮಗಳಿಂದಲೋ ಮೊಮ್ಮಗನಿಂದಲೋ ನೋಡಿಸಿ. ಅವರು ಪಡೆಯಬಹುದಾದ ಸೇವಾ ಶುಲ್ಕ ತೆರಿಗೆ ಬಿಟ್ಟು 30,000 ರೂಪಾಯಿ ಮೀರುವಂತಿಲ್ಲ. ರಸೀದಿ ಕೇಳಿ ಪಡೆಯಿರಿ. ವೀಸಾ ಒಂದು ಕಂಪನಿಯದು, ಕರಾರುಪತ್ರ ಇನ್ನೊಂದರದು ಎಂದಾದರೆ, ಸಂಬಳ ಕೊಡುವವರು ಯಾರು, ಇಕಾಮಾ ಮಾಡಿಸುವವರು ಯಾರು ಎಂದು ಬರಹದಲ್ಲಿ ಕೇಳಿ. ಜನರನ್ನು ಬೇರೆಯವರ ಕೆಲಸಕ್ಕೆ ಒದಗಿಸುವ ಕಂಪನಿಗಳಲ್ಲಿ ಈ ತೊಡಕು ಹೆಚ್ಚು. ಅರಬಿಯಲ್ಲಿದ್ದ ಕಾಗದವನ್ನು ಬಲ್ಲವರಿಂದ ಓದಿಸದೆ ಸಹಿ ಹಾಕಬೇಡಿ.

ಪಾಸ್‌ಪೋರ್ಟ್, ವೀಸಾ, ಕರಾರುಪತ್ರಗಳ ಒಂದೊಂದು ನಕಲು ತಾಯಿಯ ಪೆಟ್ಟಿಗೆಯಲ್ಲಿರಲಿ. ಸಂದೇಹವಿದ್ದರೆ ವಲಸೆ ರಕ್ಷಣಾಧಿಕಾರಿಯ ಕಚೇರಿ ಬೆಂಗಳೂರಿನಲ್ಲಿಯೇ ಇದೆ.