ಶೆಲ್ಟರ್ ನಾಯಿ ತೋಟಕ್ಕೆ: ತರೋ ಖರ್ಚು ಕಮ್ಮಿ, ಸಾಕೋ ಖರ್ಚು ಎಷ್ಟು?



ತೋಟದ ಮನೆಗೋ ಕುರಿ ರೊಪ್ಪಕ್ಕೋ ನಾಯಿ ಬೇಕು ಅಂದ ತಕ್ಷಣ ಯಾರಾದ್ರೂ ಹೇಳ್ತಾರೆ, "ಶೆಲ್ಟರ್‌ನಲ್ಲಿ ಫ್ರೀಯಾಗಿ ಕೊಡ್ತಾರೆ, ತಗೊಂಡ್ ಬಾ" ಅಂತ. ಮಾತು ಹೆಚ್ಚುಕಮ್ಮಿ ನಿಜ. ಆದ್ರೆ ನಾಯಿ 10–12 ವರ್ಷ ಬದುಕುತ್ತೆ. ಹಸು ತರೋ ಮುಂಚೆ ಮೇವಿನ ಲೆಕ್ಕ ಹಾಕ್ತೀವಲ್ಲ, ಇದಕ್ಕೂ ಹಾಗೇ ಹಾಕಬೇಕು. ನಮ್ಮ ತೋಟದಲ್ಲಿ ಶೆಲ್ಟರ್‌ನಿಂದ ತಂದ ಹೆಣ್ಣು ನಾಟಿ ನಾಯಿ ಇದೆ, ತೂಕ ಸುಮಾರು 16 ಕೆ.ಜಿ. ಅದರ ಲೆಕ್ಕವನ್ನೇ ಇಲ್ಲಿ ಕೊಡ್ತಿದ್ದೀನಿ. ಇವು ನಮ್ಮ ಕಡೆಯ ಅಂದಾಜು ದರ, ನೀವು ನಿಮ್ಮೂರಿನ ರೇಟು ಹಾಕಿಕೊಳ್ಳಿ.

ತರುವಾಗ

ಕೆಲವು ಶೆಲ್ಟರ್‌ನವರು ಏನೂ ಕೇಳಲ್ಲ. ಕೆಲವರು ಲಸಿಕೆ, ಆಪರೇಷನ್ ಖರ್ಚಿಗೆ ಅಂತ ಒಂದಿಷ್ಟು ತಗೋತಾರೆ. ಅದನ್ನು ನಾಯಿಯ ಬೆಲೆ ಅಂದ್ಕೋಬೇಡಿ. ಹೆಣ್ಣು ನಾಯಿಗೆ ಸಂತಾನಹರಣ ಆಪರೇಷನ್ ಖಾಸಗಿಯಾಗಿ ಮಾಡಿಸಿದ್ರೆ ಹಲವು ಸಾವಿರ ಆಗುತ್ತೆ. ಶೆಲ್ಟರ್‌ನಲ್ಲಿ ದೊಡ್ಡ ನಾಯಿಗಳಿಗೆ ಸಾಮಾನ್ಯವಾಗಿ ಅದು ಮುಗಿದಿರುತ್ತೆ. ನಿಜವಾದ ಉಳಿತಾಯ ಅಂದ್ರೆ ಇದೇ.

ಮರಿಗಿಂತ ಒಂದೂವರೆ–ಎರಡು ವರ್ಷದ ನಾಯಿ ತೋಟಕ್ಕೆ ಒಳ್ಳೇದು. ಮರಿಗೆ ಪಾರ್ವೊ ಭಯ ಜಾಸ್ತಿ, ಸರಣಿ ಲಸಿಕೆಯೂ ಬೇಕು. ದೊಡ್ಡದಾದ್ರೆ ಗುಣ ಆಗಲೇ ಗೊತ್ತಾಗಿರುತ್ತೆ.

ವರ್ಷದ ಲೆಕ್ಕ

- ಊಟ: ರಾಗಿ ಅಥವಾ ಅಕ್ಕಿ, ಎರಡು ಮೊಟ್ಟೆ, ಕಾಲು ಲೀಟರ್ ಹಾಲು, ವಾರಕ್ಕೊಮ್ಮೆ ಕೋಳಿ. ದಿನಕ್ಕೆ ₹40ರಂತೆ ₹14,600
- ರೇಬೀಸ್ ಮತ್ತು ಪಾರ್ವೊ–ಡಿಸ್ಟೆಂಪರ್ ಲಸಿಕೆ: ₹1,000
- ಜಂತುಹುಳು ಮಾತ್ರೆ, 3 ತಿಂಗಳಿಗೊಮ್ಮೆ: ₹300
- ಉಣ್ಣೆ ಔಷಧಿ: ₹1,600
- ಗಾಯ, ಜ್ವರ, ಹಾವು ಕಡಿತಕ್ಕೆ ಅಂತ ತೆಗೆದಿಡೋ ಹಣ: ₹3,000

ಒಟ್ಟು ₹20,500. ತಿಂಗಳಿಗೆ ಸುಮಾರು ₹1,700. ಹತ್ತು ವರ್ಷಕ್ಕೆ ಎರಡು ಲಕ್ಷ ದಾಟುತ್ತೆ.

"ರಾಗಿ ಮನೇದೇ, ಹಾಲು ಮನೇದೇ" ಅಂತ ಊಟದ ಮುಂದೆ ಸೊನ್ನೆ ಬರೀಬೇಡಿ. ಆ ಹಾಲು ಡೇರಿಗೆ ಹಾಕಿದ್ರೆ ದುಡ್ಡು ಬರ್ತಿತ್ತು ಅಲ್ವಾ? ಮನೆಯಲ್ಲಿ ಮಿಕ್ಕ ಸಾರು ಹಾಕಿ ಸಾಕ್ತೀನಿ ಅನ್ನೋದೂ ಬೇಡ. ಈರುಳ್ಳಿ ನಾಯಿಗೆ ವಿಷ, ರಕ್ತಕಣಗಳನ್ನು ಹಾಳು ಮಾಡುತ್ತೆ.

ಎಲ್ಲಿ ಉಳಿಸಬಹುದು, ಎಲ್ಲಿ ಬಾರದು

ರೇಬೀಸ್ ಲಸಿಕೆಯನ್ನು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸು ಹಲವೆಡೆ ಉಚಿತವಾಗಿ ಹಾಕ್ತಾರೆ. ಲಸಿಕೆ ಮಾತ್ರ ತಪ್ಪಿಸಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯಲ್ಲ, ಮನುಷ್ಯ ಉಳಿಯೋದೂ ಇಲ್ಲ ಅಂತಲೇ ತಿಳೀರಿ.

ಕುರಿ ಸಾಕುವವರು ಜಂತುಹುಳು ಮಾತ್ರೆ ಬಿಡಲೇಬಾರದು. ಕುರಿ ಕೊಯ್ದಾಗ ಹಸಿ ಕರುಳು, ಶ್ವಾಸಕೋಶ ತಿಂದ ನಾಯಿಗೆ ಒಂದು ಬಗೆಯ ಲಾಡಿಹುಳು ಬರುತ್ತೆ. ಅದರ ಮೊಟ್ಟೆ ಹಿಕ್ಕೆಯ ಮೂಲಕ ಮೇವಿಗೆ, ನೀರಿಗೆ ಸೇರಿ ಕುರಿಯಲ್ಲೂ ಮನುಷ್ಯರಲ್ಲೂ ನೀರುಗಂಟು ಮಾಡುತ್ತೆ. ಪ್ರಾಜಿಕ್ವಾಂಟೆಲ್ ಇರೋ ಮಾತ್ರೆಯನ್ನೇ ಕೇಳಿ.

ದನಕ್ಕೆ ಹಚ್ಚೋ ಉಣ್ಣೆ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಹಚ್ಚಬೇಡಿ, ಡಾಕ್ಟರ್ ಹೇಳಿದಷ್ಟೇ ಬಳಸಿ. ಇಲಿ ಪಾಷಾಣವನ್ನು ನಾಯಿಗೆ ಎಟುಕೋ ಕಡೆ ಇಡಬೇಡಿ.

ಶೆಲ್ಟರ್‌ನಲ್ಲಿ ಕೇಳಬೇಕಾದ್ದು

1. ಲಸಿಕೆ ಕಾರ್ಡ್ ಇದೆಯಾ? ಮುಂದಿನ ಡೋಸ್ ಯಾವಾಗ?
2. ಆಪರೇಷನ್ ಆಗಿದೆಯಾ?
3. ಉಣ್ಣೆ ಜ್ವರ, ಡಿಸ್ಟೆಂಪರ್ ಬಂದಿತ್ತಾ?
4. ಕೋಳಿ, ಕರು, ಮಕ್ಕಳ ಹತ್ರ ಹೇಗಿರುತ್ತೆ?
5. ಹೊಂದಿಕೊಳ್ಳದಿದ್ರೆ ವಾಪಸ್ ತಗೋತೀರಾ?

ಅವರೂ ನಿಮ್ಮನ್ನು ಕೇಳ್ತಾರೆ. ದಿನವಿಡೀ ಸರಪಳಿಯಲ್ಲಿ ಕಟ್ಟಿ ಹಾಕೋರಿಗೆ ಬಹಳಷ್ಟು ಜನ ನಾಯಿ ಕೊಡಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ.

ತರೋ ಮುಂಚೆ ಒಂದು ಪರೀಕ್ಷೆ

ಮೂರು ತಿಂಗಳು, ತಿಂಗಳಿಗೆ ₹1,700 ಬೇರೆ ಎತ್ತಿಡಿ. ಆಯ್ತಾ? ಹಾಗಾದ್ರೆ ಧೈರ್ಯವಾಗಿ ತನ್ನಿ. ಕೂಡಿದ ₹5,100ರಲ್ಲೇ ಮೊದಲ ವರ್ಷದ ಲಸಿಕೆ, ಔಷಧಿ, ತುರ್ತು ಖರ್ಚಿನ ಬಹುಪಾಲು ಹೋಗುತ್ತೆ. ಆಗದಿದ್ರೆ ಈ ವರ್ಷ ಬಿಡಿ. ತಂದು ಆಮೇಲೆ ರಸ್ತೆಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಒಮ್ಮೆ ಬೀದಿಪಾಲಾಗಿ ಬಂದ ನಾಯಿಗೆ ಮತ್ತೆ ಅದೇ ಗತಿ ತರೋದು ಬೇಡ.