ತೂತಿನ ಬಾಟಲಿಯಲ್ಲಿ ಕಲನಶಾಸ್ತ್ರ

ಬಿ.ಎಸ್ಸಿ. ಗಣಿತದ ಪ್ರಾಕ್ಟಿಕಲ್ ಅಂದರೆ ಸೈಲ್ಯಾಬ್‌ನಲ್ಲೋ ಮ್ಯಾಕ್ಸಿಮಾದಲ್ಲೋ ಪ್ರೋಗ್ರಾಂ ಬರೆದು, ಬಂದ ಉತ್ತರವನ್ನು ರೆಕಾರ್ಡ್‌ಗೆ ಇಳಿಸುವುದಷ್ಟೇ ಅಂದುಕೊಂಡಿದ್ದೀರಾ? ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಸಲ ಕೈ ಒದ್ದೆ ಮಾಡಿಕೊಳ್ಳಿ.

ಮೈ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಕೆಳಭಾಗದಲ್ಲಿ ಕಾದ ಮೊಳೆಯಿಂದ ಸಣ್ಣ ತೂತು ಮಾಡಿ. ತೂತಿನಿಂದ ಮೇಲಕ್ಕೆ 1, 4, 9, 16 ಸೆಂ.ಮೀ. ಎತ್ತರಗಳಲ್ಲಿ ಗೆರೆ ಎಳೆಯಿರಿ. ತೂತಿಗೆ ಬೆರಳಿಟ್ಟು ನೀರು ತುಂಬಿ. ಮುಚ್ಚಳ ಬೇಡ, ಹಾಕಿದರೆ ಧಾರೆ ನಿಂತೇ ಹೋಗುತ್ತದೆ. ಬೆರಳು ತೆಗೆದ ಮೇಲೆ ಒಬ್ಬರು ಗೆರೆ ನೋಡಿ ಕೂಗಲಿ, ಇನ್ನೊಬ್ಬರು ಮೊಬೈಲಿನ ಸ್ಟಾಪ್‌ವಾಚ್ ನೋಡಿ ಬರೆದುಕೊಳ್ಳಲಿ. 16ರಿಂದ 9ಕ್ಕೆ, 9ರಿಂದ 4ಕ್ಕೆ, 4ರಿಂದ 1ಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದೇ ಹೊತ್ತು! ಧಾರೆಯ ವೇಗ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ ಎಂದು ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1644ರಲ್ಲೇ ಬರೆದಿದ್ದ. ಅದನ್ನು ಅವಕಲ ಸಮೀಕರಣವಾಗಿ ಬರೆದು ನೀವೇ ಬಿಡಿಸಿ. ಎತ್ತರ-ಕಾಲದ ನಕ್ಷೆಯಲ್ಲಿ ಪರವಲಯ ಮೂಡುತ್ತದೆ.

ಕೊನೆಯ ಸೆಂಟಿಮೀಟರಿನಲ್ಲಿ ಧಾರೆ ತೊಟ್ಟಿಕ್ಕತೊಡಗಿ ಅಂಕಿಗಳು ವಕ್ರರೇಖೆಗೆ ಕೂರುವುದಿಲ್ಲ. ದಯವಿಟ್ಟು ಅವನ್ನು ತಿದ್ದಬೇಡಿ. ಇದ್ದಹಾಗೇ ಬರೆದು, ಹೀಗೇಕಾಯಿತು ಎಂದು ಮೇಷ್ಟ್ರ ಜೊತೆ ಕೂತು ಮಾತಾಡಿ.